ಮಧುಮೇಹವೂ ಪಾದಗಳ ಆರೈಕೆಯೂ

ಹೊಲದ ದಾರಿಯಲ್ಲಿ ನಡೆಯುತ್ತಿರುವಾಗ ಅಂಗಾಲಿಗೆ ಜಾಲಿಯ ಮುಳ್ಳು ಚುಚ್ಚಿತೆಂದು ಭಾವಿಸೋಣ. ಮರುಕ್ಷಣವೇ ನಾವು ಕಾಲನ್ನು ಮೇಲಕ್ಕೆತ್ತುತ್ತೇವೆ. ಕುಳಿತು ಮುಳ್ಳನ್ನು ಕಿತ್ತು ಗಾಯವನ್ನು ತೊಳೆಯುತ್ತೇವೆ. ಮುಂದೆ ಎರಡು ದಿನ ಆ ಕಾಲಿನ ಮೇಲೆ ಭಾರ ಬೀಳದಂತೆ ಕುಂಟುತ್ತ ನಡೆಯುತ್ತೇವೆ. ಇಷ್ಟನ್ನೂ ನಮ್ಮಿಂದ ಮಾಡಿಸುವುದು ನೋವು. ನೋವನ್ನು ಶತ್ರುವೆಂದು ಶಪಿಸುವವರೇ ಹೆಚ್ಚು; ಆದರೆ ಅದು ದೇಹದ ಕಾವಲುಗಾರ. ಈ ಕಾವಲುಗಾರನು ನಿದ್ರೆಹೋದರೆ ಏನಾಗುವುದೆಂಬುದಕ್ಕೆ, ಬಹುಕಾಲ ಹತೋಟಿಯಲ್ಲಿಲ್ಲದ ಮಧುಮೇಹದಿಂದ ಕೆಟ್ಟ ಪಾದವೇ ನಿದರ್ಶನ.

ಸ್ಪರ್ಶಜ್ಞಾನವು ಅಳಿಯುವ ಬಗೆ

ರಕ್ತದಲ್ಲಿ ಸಕ್ಕರೆಯ ಅಂಶವು ವರ್ಷಗಟ್ಟಲೆ ಮಿತಿಮೀರಿದ್ದರೆ ನರಗಳು ಕೆಡುತ್ತವೆ. ಶರೀರದ ಅತ್ಯಂತ ಉದ್ದವಾದ ನರತಂತುಗಳು ಕಾಲ್ಬೆರಳುಗಳನ್ನು ಮುಟ್ಟುವಂಥವು. ಹಾನಿಯು ಮೊದಲು ತೋರುವುದೂ ಅವುಗಳ ತುದಿಯಲ್ಲಿಯೇ. ಆದುದರಿಂದಲೇ ಜೋಮು, ಉರಿ, ಮರಗಟ್ಟುವಿಕೆಗಳು ಬೆರಳುಗಳಲ್ಲಿ ಮೊದಲಾಗಿ, ಕಾಲುಚೀಲವನ್ನು ಎಳೆದುಕೊಂಡಂತೆ ಮೇಲೇರುತ್ತವೆ. ಕೆಲವರಲ್ಲಿ ಯಾವ ಉರಿಯೂ ಇಲ್ಲದೆ ಸ್ಪರ್ಶವು ಸದ್ದಿಲ್ಲದೆ ಅಳಿಯುತ್ತದೆ. ನಡೆಯುವಾಗ ಚಪ್ಪಲಿ ಜಾರಿಹೋದುದೇ ತಿಳಿಯಲಿಲ್ಲವೆಂದು ಇಂಥವರು ಹೇಳುವುದುಂಟು. ಅದು ನಗೆಯ ಮಾತಲ್ಲ, ಎಚ್ಚರಿಕೆಯ ಸೂಚನೆ.

ಕೆಡುವುದು ಸ್ಪರ್ಶದ ನರಗಳು ಮಾತ್ರವಲ್ಲ. ಪಾದದ ಸಣ್ಣ ಸ್ನಾಯುಗಳನ್ನು ಆಳುವ ನರಗಳು ಸೊರಗಿದರೆ ಬೆರಳುಗಳು ಕೊಕ್ಕೆಯಂತೆ ಬಾಗಿ, ಭಾರವು ಬೆರಳುಗಳ ಬುಡದ ಮೂಳೆಗಳ ಮೇಲೆ ಬೀಳುತ್ತದೆ. ಅಲ್ಲಿ ಚರ್ಮವು ಜಡ್ಡುಗಟ್ಟುತ್ತದೆ. ಬೆವರನ್ನು ಬರಿಸುವ ನರಗಳು ಕೆಟ್ಟರೆ ಚರ್ಮವು ಒಣಗಿ ಹಿಮ್ಮಡಿ ಬಿರಿಯುತ್ತದೆ. ಇದರೊಡನೆ ಕಾಲಿನ ರಕ್ತನಾಳಗಳೂ ಕಿರಿದಾಗಿದ್ದರೆ ಗಾಯವು ಮಾಯಲು ಬೇಕಾದ ರಕ್ತವೇ ಸಾಲದು. ಬೀಡಿ ಸಿಗರೇಟು ಸೇದುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹೀಗೆ ಜಡ್ಡಿನ ಅಡಿಯಲ್ಲಿ ಕಾಣದಂತೆ ಹುಣ್ಣಾಗಿ, ನಂಜು ಮೂಳೆಯವರೆಗೆ ಇಳಿದು, ಕಡೆಗೆ ಕಾಲನ್ನೇ ಕತ್ತರಿಸಬೇಕಾದ ಪ್ರಸಂಗ ಬರುತ್ತದೆ.

ವೆಲ್ಲೂರಿನ ಪಾಠ

ನೋವಿಲ್ಲದಿರುವುದೇ ಹಾನಿಯ ಮೂಲವೆಂಬ ಅಂಶವು ಸ್ಪಷ್ಟವಾದುದು ಮತ್ತೊಂದು ರೋಗದ ಅಧ್ಯಯನದಿಂದ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸತೊಡಗಿದರು. ರೋಗದಿಂದ ಬೆರಳುಗಳು ತಾವಾಗಿಯೇ ಕೊಳೆತು ಉದುರುವುವೆಂಬುದು ಅಂದಿನ ನಂಬಿಕೆ. ಬ್ರಾಂಡರು ಕಂಡದ್ದೇ ಬೇರೆ. ನೋವರಿಯದ ಕೈ ಸುಡುವ ಪಾತ್ರೆಯನ್ನು ಹಿಡಿಯುತ್ತದೆ. ನೋವರಿಯದ ಕಾಲು ಹುಣ್ಣಿನ ಮೇಲೆಯೇ ನಡೆಯುತ್ತದೆ. ರಾತ್ರಿ ಇಲಿ ಕಚ್ಚಿದರೂ ರೋಗಿಗೆ ಎಚ್ಚರವಾಗುವುದಿಲ್ಲ. ಗಾಯವನ್ನು ತಡೆದರೆ ಬೆರಳು ಉಳಿಯುತ್ತದೆಂದು ಅವರು ತೋರಿಸಿದರು. 1960ರ ದಶಕದಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ ಈ ಪಾಠವನ್ನೇ ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು.

ಮನೆಯಲ್ಲಿಯೇ ಒಂದು ಪರೀಕ್ಷೆ

ಸ್ಪರ್ಶಜ್ಞಾನವು ಕುಂದಿದೆಯೇ ಎಂಬುದನ್ನು ಅರಿಯಲು ಸುಲಭವಾದ ಕ್ರಮವೊಂದುಂಟು. ಇದು ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದಲ್ಲಿ ರೂಪುಗೊಂಡು 2011ರಲ್ಲಿ ಪ್ರಕಟವಾಯಿತು. ಮಧುಮೇಹಿಯು ಕಣ್ಣು ಮುಚ್ಚಿ ಮಲಗಲಿ. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡುಗಳ ಕಾಲ, ತೋರುಬೆರಳಿನಿಂದ ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು. ಮುಟ್ಟಿದೊಡನೆ ಅವರು ‘ಬಲ’ ಅಥವಾ ‘ಎಡ’ ಎಂದು ಹೇಳಬೇಕು. ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ಕಾವಲುಗಾರನು ಮಲಗಿದ್ದಾನೆಂದೇ ಅರ್ಥ. ವೈದ್ಯರು ಇದನ್ನು 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯಿಂದ ದೃಢಪಡಿಸುತ್ತಾರೆ. ಪರೀಕ್ಷೆಯಲ್ಲಿ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ವೈದ್ಯರಿಗೆ ಪಾದಗಳನ್ನು ತೋರಿಸುವುದು ಅವಶ್ಯ.

ದಿನನಿತ್ಯದ ಕ್ರಮ

ನರಗಳು ಬಿಟ್ಟ ಕೆಲಸವನ್ನು ಕಣ್ಣುಗಳು ವಹಿಸಿಕೊಳ್ಳಬೇಕು. ಪ್ರತಿದಿನವೂ ಒಳ್ಳೆಯ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳುಗಳ ಸಂದುಗಳನ್ನು ನೋಡಿಕೊಳ್ಳುವುದೇ ಆರೈಕೆಯ ಮೊದಲ ಹೆಜ್ಜೆ. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯನ್ನಿಟ್ಟುಕೊಳ್ಳಬಹುದು. ದೃಷ್ಟಿ ಮಂದವಾದವರಿಗೆ ಮನೆಯವರು ನೆರವಾಗಬೇಕು.

ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳುಗಳ ಸಂದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆಯನ್ನು ಸವರಬಹುದು. ಬೆರಳುಗಳ ಸಂದಿಗೆ ಬೇಡ, ಅಲ್ಲಿ ತೇವ ನಿಂತರೆ ಚರ್ಮ ಕೊಳೆಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಕೊರೆಯಬಾರದು. ಆಣಿಯನ್ನಾಗಲಿ ಜಡ್ಡನ್ನಾಗಲಿ ಬ್ಲೇಡಿನಿಂದ ಹೆರೆಯುವುದೂ ಅಂಗಡಿಯ ಆಣಿಮದ್ದನ್ನು ಹಚ್ಚುವುದೂ ಕೂಡದು. ಚಳಿಯೆಂದು ಒಲೆಯ ಮುಂದೆ ಕಾಲು ಕಾಯಿಸುವುದೂ ಬಿಸಿನೀರಿನ ಚೀಲವಿಡುವುದೂ ಅಪಾಯ. ಚರ್ಮ ಸುಟ್ಟ ಮೇಲೆಯೇ ತಿಳಿದೀತು.

ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬಾರದು. ಉಂಗುಷ್ಟದ ಚಪ್ಪಲಿಗಿಂತ, ಮೆತ್ತನೆಯ ಅಟ್ಟೆಯೂ ಹಿಂಬದಿಯ ಪಟ್ಟಿಯೂ ಇರುವ ಅಗಲವಾದ ಪಾದರಕ್ಷೆ ಮೇಲು. ಸಂಜೆಯ ವೇಳೆಗೆ ಕಾಲು ತುಸು ಊದುವುದರಿಂದ ಆಗಲೇ ಅದನ್ನು ಕೊಳ್ಳಬೇಕು. ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ, ಕಲ್ಲು ಮೊಳೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ದೇವಾಲಯಕ್ಕೆ ಹೋಗುವವರು ಕಲ್ಲುಹಾಸು ಕಾಯುವ ನಡುಹಗಲನ್ನು ಬಿಟ್ಟು ಬೆಳಗಿನ ತಂಪಿನಲ್ಲಿ, ದಪ್ಪ ಕಾಲುಚೀಲ ತೊಟ್ಟು ಪ್ರದಕ್ಷಿಣೆ ಮಾಡಲಿ. ಭಕ್ತಿಗೆ ಅದರಿಂದ ಕುಂದಿಲ್ಲ.

ಗುಳ್ಳೆ, ಬಿರುಕು, ಕೆಂಪು, ಬಾವು, ಬಣ್ಣದ ಬದಲಾವಣೆ, ದುರ್ವಾಸನೆ, ಅಥವಾ ಒಂದು ಪಾದವು ಇನ್ನೊಂದಕ್ಕಿಂತ ಬಿಸಿಯಾಗಿರುವುದು - ಇವುಗಳಲ್ಲಿ ಯಾವುದು ಕಂಡರೂ ಆ ಕಾಲಿನ ಮೇಲೆ ನಡೆಯುವುದನ್ನು ನಿಲ್ಲಿಸಿ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ‘ನೋವಿಲ್ಲವಲ್ಲ, ನಾಳೆ ನೋಡೋಣ’ ಎಂಬ ಮಾತು ಎಷ್ಟೋ ಜನರ ಕಾಲನ್ನು ಕಳೆದಿದೆ. ಮಧುಮೇಹಿಯ ಪಾದದಲ್ಲಿ ಹುಣ್ಣಿದ್ದೂ ನೋವಿಲ್ಲವೆಂದರೆ ಅದು ಸಮಾಧಾನಕ್ಕೆ ಕಾರಣವಲ್ಲ; ಬೇಗನೆ ಹೊರಡಲು ಕಾರಣ.