ಮನೋವ್ಯಾಧಿ ಮತ್ತು ತ್ರಿವಿಧ ಚಿಕಿತ್ಸೆ

ಕುರುಕ್ಷೇತ್ರದ ಯುದ್ಧವು ಮುಗಿದ ಬಳಿಕ ಧರ್ಮರಾಜನಿಗೆ ಗೆಲುವು ಗೆಲುವೆಂದೇ ತೋರಲಿಲ್ಲ. ಬಂಧುಗಳ ವಧೆಯನ್ನು ನೆನೆನೆನೆದು, ರಾಜ್ಯವನ್ನು ತೊರೆದು ಕಾಡಿಗೆ ಹೋಗುವೆನೆಂದು ನಿಶ್ಚಯಿಸಿದನು. ಆಗ ಭೀಮಸೇನದೇವರು ಆಡಿದ ಮಾತು ಶಾಂತಿಪರ್ವದಲ್ಲಿದೆ. ವ್ಯಾಧಿಯು ಎರಡು ಬಗೆಯದು, ಶರೀರದ್ದೊಂದು, ಮನಸ್ಸಿನದೊಂದು. ಅವೆರಡೂ ಪರಸ್ಪರ ಒಂದರಿಂದೊಂದು ಹುಟ್ಟುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಇರುವುದು ಕಾಣದು ಎಂಬುದೇ ಅದರ ತಾತ್ಪರ್ಯ. ವನಪರ್ವದಲ್ಲಿ ಶೌನಕನು ಇದೇ ಧರ್ಮರಾಜನಿಗೆ ಒಂದು ದೃಷ್ಟಾಂತವನ್ನು ಕೊಡುತ್ತಾನೆ. ಕಾದ ಕಬ್ಬಿಣದ ಗುಂಡು ಕೊಡದೊಳಗಿನ ನೀರನ್ನು ಕಾಯಿಸುವಂತೆ, ಮನಸ್ಸಿನ ತಾಪವು ದೇಹವನ್ನು ಕಾಯಿಸುತ್ತದೆ.

ಪುರಾಣ ಪ್ರವಚನಗಳಲ್ಲಿ ಈ ಮಾತುಗಳನ್ನು ಕೇಳಿ ತಲೆದೂಗುವ ನಾವು, ಮನೆಯಲ್ಲಿಯೇ ಒಬ್ಬರಿಗೆ ಮನೋವ್ಯಾಧಿ ಬಂದಾಗ ಅವುಗಳನ್ನು ಮರೆಯುತ್ತೇವೆ. ಹೆರಿಗೆಯಾದ ಸೊಸೆ ಕೂಸಿನ ಮುಖ ನೋಡದೆ ಗೋಡೆಯ ಕಡೆಗೆ ತಿರುಗಿ ಮಲಗಿದರೆ ಸೊಕ್ಕು ಎನ್ನುತ್ತೇವೆ. ಓದುವ ಹುಡುಗನು ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದರೆ ಗಾಳಿ ಸೋಕಿದೆ ಎನ್ನುತ್ತೇವೆ. ಹಿರಿಯರು ಊಟ ನಿದ್ರೆ ಬಿಟ್ಟು ಮೂಲೆ ಹಿಡಿದರೆ ವಯಸ್ಸಾಯಿತು ಎನ್ನುತ್ತೇವೆ. ಹೊರಗೆ ತಿಳಿದರೆ ಕನ್ಯೆಯ ಲಗ್ನವು ನಿಲ್ಲುವುದೆಂಬ ಭಯದಿಂದ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಹೀಗೆ ಕಳೆದುಹೋಗುವ ತಿಂಗಳುಗಳೇ ರೋಗವನ್ನು ಬೇರೂರಿಸುವ ತಿಂಗಳುಗಳು. ಆದುದರಿಂದ ಮನೋವ್ಯಾಧಿಗೆ ಇಡೀ ಮನುಷ್ಯನನ್ನು ಲಕ್ಷ್ಯದಲ್ಲಿಟ್ಟು ಮಾಡುವ ಚಿಕಿತ್ಸೆ ಎಂತಹುದೆಂಬುದನ್ನು ಇಲ್ಲಿ ವಿಚಾರಿಸೋಣ.

ಚರಕನು ಹೇಳಿದ ಮೂರು

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧವು ಮೂರು ವಿಧವೆಂದು ಹೇಳಿದೆ. ಮಂತ್ರ, ಹೋಮ, ನಿಯಮ, ಉಪವಾಸ ಮೊದಲಾದವು ದೈವವ್ಯಪಾಶ್ರಯ. ಆಹಾರವನ್ನೂ ಔಷಧದ್ರವ್ಯವನ್ನೂ ಯೋಚಿಸಿ ಕೊಡುವುದು ಯುಕ್ತಿವ್ಯಪಾಶ್ರಯ. ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತರುವುದು ಸತ್ತ್ವಾವಜಯ. ಇವುಗಳಲ್ಲಿ ಒಂದನ್ನು ಮಾಡಿದವನು ಉಳಿದೆರಡನ್ನು ಬಿಡಬೇಕೆಂದು ಅಲ್ಲಿ ಹೇಳಿಲ್ಲ. ಮೂರು ಕಾಲಿನ ಮಣೆಯಲ್ಲಿ ಒಂದು ಕಾಲನ್ನು ಕಿತ್ತು ಕುಳಿತರೆ ಬೀಳುವುದು ಮಣೆಯ ದೋಷವಲ್ಲವಷ್ಟೆ.

ಯುಕ್ತಿ: ದೇಹದ ಕಡೆಯಿಂದ

ಮನಸ್ಸು ಕುಗ್ಗಿದವನನ್ನು ವೈದ್ಯರು ಮೊದಲು ರಕ್ತಪರೀಕ್ಷೆಗೆ ಕಳುಹಿಸಿದರೆ ಮನೆಯವರು ಆಶ್ಚರ್ಯಪಡುವುದುಂಟು. ಅದಕ್ಕೆ ಕಾರಣವಿದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಮಂದವಾದರೆ ಆಲಸ್ಯ, ಮರೆವು, ಖಿನ್ನತೆಗಳು ತೋರುತ್ತವೆ. ರಕ್ತಹೀನತೆಯೂ ಹಾಗೆಯೇ ಮನುಷ್ಯನನ್ನು ನಿಶ್ಶಕ್ತನನ್ನಾಗಿ ಮಾಡುತ್ತದೆ. ಬಿ-12 ಎಂಬ ಜೀವಸತ್ವವು ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುವುದಲ್ಲದೆ ಬುದ್ಧಿಯೂ ಮನಸ್ಸೂ ಕೆಡಬಹುದು. ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಇದು ವಿಶೇಷವಾಗಿ ತಿಳಿದಿರಬೇಕಾದ ಸಂಗತಿ; ಏಕೆಂದರೆ ಕಾಳು ಕಾಯಿಪಲ್ಯೆಗಳಲ್ಲಿ ಈ ಸತ್ವವು ಇಲ್ಲ, ನಮಗೆ ಅದು ಹಾಲು ಮೊಸರುಗಳಿಂದಲೇ ಬರತಕ್ಕದ್ದು. ಇಂತಹ ಕೊರತೆಯಿಂದ ಬಂದ ಖಿನ್ನತೆಗೆ ಎಷ್ಟು ಬುದ್ಧಿವಾದ ಹೇಳಿದರೂ ಕೊರತೆ ತುಂಬದೆ ಗುಣವಾಗದು.

ಮನೋವೈದ್ಯರು ಕೊಡುವ ಗುಳಿಗೆಗಳೂ ಯುಕ್ತಿಚಿಕಿತ್ಸೆಯೇ. ಖಿನ್ನತೆಯ ಗುಳಿಗೆಯು ತನ್ನ ಗುಣವನ್ನು ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವುದು, ಗುಣವಾದ ಕೂಡಲೇ ಇನ್ನೇಕೆಂದು ಬಿಡುವುದು, ಇವೆರಡೂ ರೋಗವನ್ನು ಮರಳಿ ಕರೆಯುವ ದಾರಿಗಳು. ಗುಣವಾದ ಮೇಲೆಯೂ ಕೆಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸತಕ್ಕದ್ದು.

ಯೋಗಾಭ್ಯಾಸವನ್ನು ಕುರಿತು ನಮ್ಮವರಲ್ಲಿ ಅಭಿಮಾನವಿದೆ, ಅದು ಇರತಕ್ಕದ್ದೇ. ಆದರೆ ಅದರ ಬಲವೆಷ್ಟೆಂಬುದನ್ನು ಪರೀಕ್ಷಿಸಿ ತಿಳಿಯುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಸಮಪಾಲು ಮಾಡಿ ಚಿಕಿತ್ಸೆ ಕೊಟ್ಟು, ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ನಾಲ್ಕು ವಾರಗಳಲ್ಲಿ ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 93, ಇಮಿಪ್ರಮಿನ್ ಗುಳಿಗೆ ಪಡೆದವರಲ್ಲಿ 73, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ ಮಾಡಿದವರಲ್ಲಿ 67 ಪಾಲು ಜನರು ರೋಗಲಕ್ಷಣಗಳಿಂದ ಬಿಡುಗಡೆ ಹೊಂದಿದರು. ಉಸಿರಿನ ಅಭ್ಯಾಸವು ಗುಳಿಗೆಗೆ ಹತ್ತಿರವಾಗಿ ನಿಂತಿತೆಂಬುದು ಸಂತೋಷದ ವಿಷಯ. ಜನರು ಹೆದರುವ ವಿದ್ಯುತ್ ಚಿಕಿತ್ಸೆಯೇ ಎಲ್ಲಕ್ಕಿಂತ ಮುಂದಿತ್ತೆಂಬುದೂ ಅಷ್ಟೇ ಸತ್ಯ. ರೋಗಿಗಳ ಸಂಖ್ಯೆ ಸಣ್ಣದು, ಅಭ್ಯಾಸವು ವೈದ್ಯರ ಕಣ್ಣೆದುರಿಗೆ ನಡೆದದ್ದು ಎಂಬುದನ್ನೂ ನೆನಪಿಡಬೇಕು. ಅದೇ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ ಸ್ಕಿಜೋಫ್ರೇನಿಯಾ ರೋಗದ 61 ಜನರಿದ್ದರು. ಗುಳಿಗೆಯನ್ನು ಬಿಡದೆ ನಾಲ್ಕು ತಿಂಗಳು ಯೋಗ ಮಾಡಿದವರು, ಗುಳಿಗೆಯೊಡನೆ ಬರಿಯ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದರು. ಯೋಗವು ಗುಳಿಗೆಯ ಜೊತೆಗಾರನಾಗಿ ಗೆದ್ದಿತೇ ಹೊರತು ಅದರ ವೈರಿಯಾಗಿ ಅಲ್ಲ. ಉನ್ಮಾದವು ಏರಿದ ಕಾಲದಲ್ಲಿ ವೇಗದ ಉಸಿರಾಟದ ಅಭ್ಯಾಸಗಳು ಕೆಡಕು ಮಾಡಬಹುದಾದ್ದರಿಂದ ವೈದ್ಯರನ್ನು ಕೇಳದೆ ತೊಡಗಬಾರದು.

ಸತ್ತ್ವಾವಜಯ: ಮನಸ್ಸಿನ ಕಡೆಯಿಂದ

ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನ ವಿಷಾದವು ಮೊಟ್ಟಮೊದಲು ದೇಹದಲ್ಲಿಯೇ ಕಾಣಿಸಿತು. ಅಂಗಗಳು ಸೋತವು, ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವವು ಕೈಯಿಂದ ಜಾರಿತು. ಭಗವಂತನು ಆ ಅಧ್ಯಾಯವಿಡೀ ಅರ್ಜುನನ ಅಳಲನ್ನು ಕೇಳಿದನು. ಉಪದೇಶವು ಎರಡನೆಯ ಅಧ್ಯಾಯಕ್ಕೆ ಬಂದಿತು. ಸರ್ವಜ್ಞನಾದವನೇ ಮೊದಲು ಕೇಳಿಸಿಕೊಂಡನೆಂದಾಗ, ಅಲ್ಪಜ್ಞರಾದ ನಾವು ರೋಗಿಯು ಬಾಯಿ ತೆರೆಯುವ ಮುನ್ನವೇ ಧೈರ್ಯ ತಂದುಕೋ, ಎಲ್ಲಾ ನಿನ್ನ ಭ್ರಮೆ ಎಂದು ಹೇಳುವುದು ಎಷ್ಟು ಸರಿ? ಇಂದಿನ ಆಪ್ತಸಮಾಲೋಚಕರು ಮಾಡುವ ಮೊದಲ ಕೆಲಸವೂ ಕೇಳುವುದೇ ಆಗಿದೆ. ಆಮೇಲೆ ತಪ್ಪು ದಾರಿ ಹಿಡಿದ ಯೋಚನೆಯನ್ನು ರೋಗಿಯೇ ಗುರುತಿಸುವಂತೆ ಮಾಡಿ, ಬಿಟ್ಟುಹೋದ ದಿನಚರಿಯನ್ನು ಒಂದೊಂದಾಗಿ ಮರಳಿ ಹಿಡಿಸುತ್ತಾರೆ.

ಆದರೆ ಇಲ್ಲಿ ಒಂದು ವಿವೇಕ ಬೇಕು. ಅರ್ಜುನನ ವಿಷಾದವು ಉಪದೇಶದಿಂದ ಕಳೆಯಿತೆಂದು ಪ್ರತಿಯೊಂದು ಮನೋವ್ಯಾಧಿಯೂ ಮಾತಿನಿಂದಲೇ ಕಳೆಯುವುದೆಂದು ಭಾವಿಸಲಾಗದು. ಇಲ್ಲದ ದನಿಯನ್ನು ಕೇಳುವವನಿಗೂ, ಐದಾರು ರಾತ್ರಿ ನಿದ್ರೆಯಿಲ್ಲದೆ ಓಡಾಡುವವನಿಗೂ ಮೊದಲು ಬೇಕಾದುದು ಔಷಧ ಮತ್ತು ನಿದ್ರೆ.

ಸಾಯಬೇಕೆಂಬ ಮಾತನ್ನು ಯಾರಾದರೂ ಆಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ಅವರನ್ನು ಒಬ್ಬರನ್ನೇ ಬಿಡದೆ, ಏಕೆ ಹಾಗೆನ್ನಿಸುತ್ತದೆಂದು ಮೆಲ್ಲನೆ ಕೇಳಿ, ಅಂದೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ತೊಗರಿ, ಹತ್ತಿಗಳಿಗೆ ಹೊಡೆಯುವ ಔಷಧಿಯ ಡಬ್ಬಿಗಳು ನಮ್ಮ ಭಾಗದ ಮನೆಗಳಲ್ಲಿ ಕೈಗೆ ಸಿಗುವಂತೆಯೇ ಇರುತ್ತವೆ. ಅವುಗಳನ್ನು ಮನೆಯಿಂದ ದೂರದಲ್ಲಿ ಕೀಲಿ ಹಾಕಿ ಇಡುವುದು ಒಂದು ಜೀವವನ್ನು ಉಳಿಸುವ ಕೆಲಸ.

ದೈವ: ವ್ರತನಿಯಮಗಳ ಕಡೆಯಿಂದ

ಪೂಜೆ, ಜಪ, ಭಜನೆಗಳು ದುಃಖಿತನಿಗೆ ಊರೆಗೋಲು. ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ, ದೇವರಮುಂದೆ ದೀಪ, ನಾಲ್ಕು ಜನರೊಡನೆ ಕುಳಿತು ಪುರಾಣಶ್ರವಣ, ಇವು ಚದುರಿದ ದಿನಕ್ಕೆ ಒಂದು ಕಟ್ಟನ್ನು ಕೊಡುತ್ತವೆ. ರೋಗಿಯನ್ನು ಗುಡಿಯಿಂದ ದೂರವಿಡದೆ, ಹೂ ಕಟ್ಟುವ, ತುಳಸಿ ಬಿಡಿಸುವ ಸಣ್ಣ ಸೇವೆಯನ್ನು ಅವರಿಗೆ ಒಪ್ಪಿಸುವುದು ಎಷ್ಟೋ ಉತ್ತಮ. ಕ್ಷೇತ್ರಗಳಲ್ಲಿ ಸೇವೆಗೆ ನಿಲ್ಲುವವರು ನಿಲ್ಲಲಿ. ಗುಳಿಗೆಯ ಪೊಟ್ಟಣವೂ ಸಂಗಡ ಇರಲಿ.

ಇನ್ನು ಎರಡು ಸಂಗತಿಗಳನ್ನು ನಮ್ಮ ಮನೆಗಳವರು ಅವಶ್ಯವಾಗಿ ಲಕ್ಷ್ಯದಲ್ಲಿಡಬೇಕು. ಮೊದಲನೆಯದು ಏಕಾದಶಿಯ ನಿರ್ಜಲ ಉಪವಾಸ. ಉನ್ಮಾದವೂ ಖಿನ್ನತೆಯೂ ಸರದಿಯ ಮೇಲೆ ಬರುವ ರೋಗಕ್ಕೆ ಲಿಥಿಯಂ ಎಂಬ ಔಷಧವನ್ನು ಕೊಡುವುದುಂಟು. ನೀರೂ ಉಪ್ಪೂ ದೇಹದಲ್ಲಿ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ನಡಿಗೆ ತಡವರಿಸುವುದು, ಮಂಕು ಕವಿಯುವುದು ಅದರ ಲಕ್ಷಣಗಳು. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ಈ ಅಪಾಯವು ಇನ್ನೂ ಹೆಚ್ಚು. ಎರಡನೆಯದು ಜಾಗರಣೆ. ಇದೇ ರೋಗವುಳ್ಳವರಿಗೆ ಒಂದು ರಾತ್ರಿಯ ನಿದ್ರಾಭಂಗವೂ ಉನ್ಮಾದವನ್ನು ಕೆರಳಿಸಬಲ್ಲದು.

ಹಾಗಾದರೆ ವ್ರತಲೋಪವಾಗದೇ ಎಂದು ಹಿರಿಯರು ಕೇಳಬಹುದು. ಕೆಡದ ವ್ರತವನ್ನು ಹೇಳುವಾಗ ಧರ್ಮಶಾಸ್ತ್ರಗಳು ಎಂಟು ಪದಾರ್ಥಗಳನ್ನು ಎಣಿಸಿವೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ ಇವು ವ್ರತವನ್ನು ಕೆಡಿಸವು. ಏಕಾದಶಿಯ ವಿಷಯದಲ್ಲಿ ನಮ್ಮ ಸಂಪ್ರದಾಯವು ಬಿಗಿಯಾದುದೆಂಬುದು ನಿಜ. ಆದರೆ ಔಷಧವೂ ಗುರುವಚನವೂ ಒಂದೇ ಪಟ್ಟಿಯಲ್ಲಿರುವುದನ್ನು ಗಮನಿಸಬೇಕು. ಆದುದರಿಂದ ಗುಳಿಗೆ ಸೇವಿಸುವವರು ಏಕಾದಶಿಗೆ ಮುಂಚಿತವಾಗಿಯೇ ವೈದ್ಯರ ಅಭಿಪ್ರಾಯವನ್ನು ಪಡೆದು, ಅದನ್ನು ತಮ್ಮ ಮಠದ ಗುರುಗಳಲ್ಲಿ ಅಥವಾ ಮನೆಯ ಆಚಾರ್ಯರಲ್ಲಿ ಅರಿಕೆ ಮಾಡಿಕೊಂಡು, ಅವರು ಹೇಳಿದ ರೀತಿಯಲ್ಲಿ ನಡೆಯುವುದು ಯುಕ್ತ. ಗುಟ್ಟಾಗಿ ಗುಳಿಗೆ ಬಿಡುವುದು ಮಾತ್ರ ಬೇಡ.

ದೈವದ ಹೆಸರಿನಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಸರ್ವಥಾ ಕೂಡದು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸುತ್ತಲಿನ ವಸತಿಯೊಂದರಲ್ಲಿ ಸರಪಳಿಯಿಂದ ಬಂಧಿತರಾಗಿದ್ದ 28 ಮನೋರೋಗಿಗಳು 2001ರ ಆಗಸ್ಟ್ 6ರಂದು ಹತ್ತಿದ ಬೆಂಕಿಯಿಂದ ತಪ್ಪಿಸಿಕೊಳ್ಳಲಾಗದೆ ಅಸುನೀಗಿದರು. ಯಾವ ಮತದವರ ಸ್ಥಳವಾದರೂ ಪಾಠವು ಒಂದೇ. ಮನೋರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ನಿಷೇಧಿಸಿದೆ.

ನೆರವು ಎಲ್ಲಿ ದೊರೆಯುತ್ತದೆ

ಇಂತಹ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲವು ಕಳೆಯಿತು. ಅದನ್ನು ಕಳೆದವರಲ್ಲಿ ಬಳ್ಳಾರಿ ಜಿಲ್ಲೆಯೇ ಮೊದಲಿನದು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳ ಶಿಕ್ಷಣವನ್ನು ಕೊಟ್ಟು, ರೋಗಿಯು ತನ್ನ ಊರು, ಮನೆ, ಕೆಲಸಗಳನ್ನು ಬಿಡದೆ ಗುಣವಾಗಬಲ್ಲನೆಂದು ತೋರಿಸಿತು. 1996ರಲ್ಲಿ ಆ ಮಾದರಿಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬತೊಡಗಿತು.

ಮುದ್ದೇಬಿಹಾಳದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ರಾಜ್ಯದ ಮನೋಚೈತನ್ಯ ಯೋಜನೆಯು ಮನೋವೈದ್ಯರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡು. ಯಾವ ಮಂಗಳವಾರವೆಂಬುದನ್ನು ಅಲ್ಲಿಯೇ ಕೇಳಿ ತಿಳಿಯತಕ್ಕದ್ದು. ಮುಂದೆ ವಿಜಯಪುರದ ಜಿಲ್ಲಾ ಆಸ್ಪತ್ರೆಯಿದೆ. ಇನ್ನೂ ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೊಡನೆ ಯೋಗ, ಆಯುರ್ವೇದಗಳನ್ನು ಬಲ್ಲವರೂ ಸೇರಿ ನೋಡುವ ಸಮಗ್ರ ಚಿಕಿತ್ಸಾ ವಿಭಾಗವುಂಟು. ಮನೆಬಿಟ್ಟು ಹೊರಡಲು ಸಂಕೋಚಪಡುವವರು 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಫೋನ್ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ, ಖರ್ಚಿಲ್ಲದೆ, ಸಲಹೆಯು ದೊರೆಯುತ್ತದೆ. ಕೇಂದ್ರ ಸರಕಾರವು ಈ ಸೇವೆಯನ್ನು 2022ರ ಅಕ್ಟೋಬರ್ 10ರಂದು ಆರಂಭಿಸಿತು.

ಒಟ್ಟಿನಲ್ಲಿ ಹೇಳುವುದಿಷ್ಟು. ಎರಡು ವಾರಕ್ಕೂ ಮೀರಿ ನಿದ್ರೆ, ಊಟ, ಉತ್ಸಾಹಗಳು ಕೆಟ್ಟರೆ ವೈದ್ಯರಿಗೆ ತೋರಿಸುವುದು. ಅವರು ಕೊಟ್ಟ ಗುಳಿಗೆಯನ್ನು ಹೇಳಿದಷ್ಟು ಕಾಲ ಕೊಡುವುದು. ಹೊತ್ತಿಗೆ ಅನ್ನ, ಹೊತ್ತಿಗೆ ನಿದ್ರೆ, ದಿನಕ್ಕೊಂದು ಕೆಲಸ ಇರುವಂತೆ ನೋಡುವುದು. ಬುದ್ಧಿ ಹೇಳುವ ಮೊದಲು ಕೇಳುವುದು. ವ್ರತಗಳನ್ನು ಗುರುಗಳ ಮತ್ತು ವೈದ್ಯರ ಅನುಮತಿಯಿಂದ ನಡೆಸುವುದು. ಇವು ಮನೆಯವರ ಪಾಲಿನ ಕರ್ತವ್ಯಗಳು. ಭೀಮಸೇನದೇವರು ಅಣ್ಣನಿಗೆ ಮನೋವ್ಯಾಧಿಯ ಸ್ವರೂಪವನ್ನು ತಿಳಿಸಿದ್ದು ಅವನನ್ನು ಜರೆಯುವುದಕ್ಕಲ್ಲ, ಎಬ್ಬಿಸಿ ನಿಲ್ಲಿಸುವುದಕ್ಕೆ. ನಮ್ಮ ಮನೆಗಳಲ್ಲಿ ಕುಗ್ಗಿ ಕುಳಿತವರನ್ನೂ ಹಾಗೆಯೇ ಕೈಹಿಡಿದು ಎಬ್ಬಿಸುವ ಬುದ್ಧಿಯನ್ನು ಶ್ರೀಹರಿವಾಯುಗಳು ನಮಗೆ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು