ಹಳೆಯ ರಿವಾಲ್ವರಿಗೆ ಹೊಸ ನಾಲಗೆ

ತಂದೆಯವರು ತೀರಿಕೊಂಡ ಹದಿನಾಲ್ಕನೆಯ ದಿನ, ಬಂಧುಗಳೆಲ್ಲ ತಮ್ಮ ತಮ್ಮ ಊರುಗಳಿಗೆ ಮರಳಿ ಮನೆಯು ಬರಿದಾದಂತೆ ತೋರುತ್ತಿದ್ದ ಹೊತ್ತಿನಲ್ಲಿ, ಅವರ ತಿಜೋರಿಯಿಂದ ರಿವಾಲ್ವರನ್ನೂ ಲೈಸನ್ಸಿನ ಪುಸ್ತಕವನ್ನೂ ತೆಗೆದು, ಅವರದೇ ಧೋತರದ ಒಂದು ತುಂಡಿನಲ್ಲಿ ಸುತ್ತಿಕೊಂಡು, ನಮ್ಮೂರಾದ ಘೋಣಸಗಿಯಿಂದ ಠಾಣೆಗೆ ಹೋಗಿ ಒಪ್ಪಿಸಿ ರಸೀತಿ ಪಡೆದು ಬಂದೆನು. ಲೈಸನ್ಸುದಾರನು ಮೃತನಾದ ಬಳಿಕ ಅವನ ಆಯುಧವನ್ನು ಠಾಣೆಯಲ್ಲಾಗಲಿ ಅಧಿಕೃತ ವ್ಯಾಪಾರಿಯಲ್ಲಾಗಲಿ ಠೇವಣಿ ಇಡಬೇಕೆಂಬುದು ಶಾಸನದ ವಿಧಿ. ವಾರಸುದಾರನಾದ ನನ್ನ ಹೆಸರಿಗೆ ಜಿಲ್ಲಾಧಿಕಾರಿಗಳ ಕಚೇರಿಯಿಂದ ಲೈಸನ್ಸು ದೊರೆಯುವಷ್ಟರಲ್ಲಿ ಎರಡು ಬೇಸಗೆಗಳು ಕಳೆದಿದ್ದವು. ಆಯುಧವನ್ನು ಮರಳಿ ಕೈಗೆ ತೆಗೆದುಕೊಂಡಾಗ ಅದರೊಳಗಿನ ಎಣ್ಣೆಯು ಒಣಗಿ ಜಾಲಿಯ ಅಂಟಿನಂತಾಗಿತ್ತು. ಕುದುರೆಯನ್ನು ಮೆಲ್ಲನೆ ಹಿಂದಕ್ಕೆಳೆದರೆ ಸಿಲಿಂಡರು ತನ್ನ ನೆಲೆಗೆ ಪೂರ್ತಿಯಾಗಿ ಬಂದು ನಿಲ್ಲದೆ ಒಂದು ಕೂದಲೆಳೆಯಷ್ಟು ಹಿಂದೆಯೇ ಉಳಿಯುತ್ತಿತ್ತು. ಆ ಕೂದಲೆಳೆಯ ಅಂತರವು ನನಗೆ ಕಲಿಸಿದುದು ಸಣ್ಣ ಪಾಠವಲ್ಲವೆಂದು ತೋರಿದುದರಿಂದ, ನನ್ನಂತೆಯೇ ಹಿರಿಯರ ಆಯುಧವನ್ನು ಉತ್ತರಾಧಿಕಾರವಾಗಿ ಪಡೆದವರಿಗಾಗಿ ಇದನ್ನು ಬರೆಯುತ್ತಿರುವೆನು.

ಅದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಆರು ತೋಟಾಗಳ ರಿವಾಲ್ವರು. ಮೇಲಿನ ಬಿಗಿಯನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಇಡೀ ಆಯುಧವು ನಡುವಿನಲ್ಲಿ ಮಡಚಿಕೊಂಡು, ಆರೂ ಮನೆಗಳಲ್ಲಿರುವ ತೋಟಾಗಳನ್ನು ಒಮ್ಮೆಲೇ ಮೇಲಕ್ಕೆತ್ತಿ ಕೊಡುತ್ತದೆ. ಇದೇ ಕಂಪನಿಯು ಬ್ರಿಟಿಷ್ ಸೈನ್ಯಕ್ಕೆ .455 ಮತ್ತು .38 ಅಳತೆಯ ರಿವಾಲ್ವರುಗಳನ್ನು ಒದಗಿಸುತ್ತಿತ್ತು. ನಮ್ಮ ದೇಶದ ಶಾಸನದಲ್ಲಿ ಸೈನ್ಯದ ಆ ಅಳತೆಗಳು ಸಾಮಾನ್ಯ ನಾಗರಿಕನಿಗೆ ನಿಷಿದ್ಧವಾಗಿರುವುದರಿಂದ ತಂದೆಯವರ ಆಯುಧವು .32 ಅಳತೆಯದು. ಒಣದ್ರಾಕ್ಷಿಯನ್ನು ತಾಸಗಾಂವದ ಪೇಟೆಯಲ್ಲಿ ಮಾರಿ, ಹಣದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯ ದಾರಿಯಲ್ಲಿ ಊರಿಗೆ ಮರಳಬೇಕಾಗುತ್ತಿದ್ದ ಕಾಲದಲ್ಲಿ, ಒಬ್ಬ ನಿವೃತ್ತ ಅಧಿಕಾರಿಯಿಂದ ಅದನ್ನು ಲೈಸನ್ಸಿನ ಮೇಲೆ ಕೊಂಡಿದ್ದ ಅವರು, ತಮ್ಮ ಜೀವಮಾನದಲ್ಲಿ ಯಾರ ಮೇಲೂ ಒಂದು ಗುಂಡನ್ನೂ ಹಾರಿಸಲಿಲ್ಲ. ಕಾನ್ಪುರದ ಸರಕಾರಿ ಕಾರ್ಖಾನೆಯು ಇತ್ತೀಚಿನ ದಶಕಗಳಲ್ಲಿ ತಯಾರಿಸುತ್ತಿರುವ .32 ರಿವಾಲ್ವರು ಕೂಡ ಇದೇ ವೆಬ್ಲಿಯ ವಿನ್ಯಾಸದ ಸಂತತಿ. ಆದಕಾರಣ ಎರಡರ ಒಳಭಾಗಗಳೂ ನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆ ಹೋಲಿಕೆಯೇ ಮುಂದೆ ನಮ್ಮನ್ನು ದಾರಿ ತಪ್ಪಿಸಿತು.

ನಮ್ಮ ನಾಡಿನಲ್ಲಿ ಆಯುಧವೆಂದರೆ ಬರಿಯ ಉಪಕರಣವಲ್ಲ. 1857ರಲ್ಲಿ ನಿಃಶಸ್ತ್ರೀಕರಣದ ಕಾಯಿದೆಯನ್ನು ಧಿಕ್ಕರಿಸಿ, ಕೈಯ ಹತಾರವನ್ನು ಕೊಡೆವೆಂದು ಎದ್ದುನಿಂತು ಪ್ರಾಣ ತೆತ್ತ ಹಲಗಲಿಯ ಬೇಡರ ಕಥೆಯನ್ನು ಪ್ರತಿ ಖಂಡೇನವಮಿಯಂದು ತಂದೆಯವರು ನಮಗೆ ಹೇಳುತ್ತಿದ್ದರು; ಕುಡಗೋಲು, ಕೂರಿಗೆ, ದ್ರಾಕ್ಷಿಯ ಕತ್ತರಿ ಇವುಗಳ ನಡುವೆ ಆ ರಿವಾಲ್ವರನ್ನೂ ತೋಟಾ ತೆಗೆದಿರಿಸಿ ಪೂಜಿಸುತ್ತಿದ್ದರು. ಬಾಲ್ಯದಲ್ಲಿ ಅವರು ನನ್ನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ, 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿಯು ಎರಕಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ತೋರಿಸಿದ್ದುಂಟು. 55 ಟನ್ನಿನಷ್ಟು ತೂಕದ ಆ ಕಂಚಿನ ರಾಶಿಯು ಶತಮಾನಗಳ ಬಿಸಿಲುಮಳೆಗಳಲ್ಲಿ ನಿಂತೂ ಇಂದಿಗೂ ಅವಿಕಲವಾಗಿದೆ, ಏಕೆಂದರೆ ಅದರಲ್ಲಿ ಒಂದರೊಡನೊಂದು ಉಜ್ಜಿ ಸವೆಯುವ ಅಂಗಗಳಿಲ್ಲ. ಅಂಗೈಯಲ್ಲಿ ಅಡಗುವ ರಿವಾಲ್ವರಿನ ಸ್ಥಿತಿಯು ಹಾಗಲ್ಲ. ಅದರ ಹೊರಮೈ ಎಷ್ಟೇ ಮಿರುಗುತ್ತಿರಲಿ, ಒಳಗಿನ ಪುಟ್ಟ ಅಂಗಗಳು ಪ್ರತಿಯೊಂದು ಎಳೆತದಲ್ಲಿಯೂ ಪರಸ್ಪರ ಸವೆಸಿಕೊಳ್ಳುತ್ತ, ಆ ಸವೆತದಲ್ಲಿಯೇ ಒಂದಕ್ಕೊಂದು ಹೊಂದಿಕೊಳ್ಳುತ್ತ ಬಂದಿರುತ್ತವೆ.

ಖಂಡೇನವಮಿಗೆ ಹನ್ನೆರಡು ದಿನಗಳು ಉಳಿದಿದ್ದವು. ತಂದೆಯಿಲ್ಲದ ಆ ಹಬ್ಬದಲ್ಲಿ ಅವರ ಆಯುಧವಾದರೂ ಸುಸ್ಥಿತಿಯಲ್ಲಿ ಪೂಜೆಗೆ ಕೂಡಬೇಕೆಂಬ ಆತುರದಿಂದ, ನೆರೆಯ ನಗರವೊಂದರ ಲೈಸನ್ಸುಳ್ಳ ಅಂಗಡಿಗೆ ಅದನ್ನು ಒಯ್ದು, ಎರಡು ದಿನಗಳಲ್ಲಿ ಮಾಡಿಕೊಡಬೇಕೆಂದು ನಾನೇ ಒತ್ತಾಯಿಸಿದೆನು. ಕುದುರೆಯನ್ನೆಳೆದಾಗ ಸಿಲಿಂಡರನ್ನು ಹಿಂದಿನಿಂದ ತಳ್ಳಿ, ಒಂದು ಮನೆಯಿಂದ ಮುಂದಿನ ಮನೆಗೆ ತಿರುಗಿಸುವ ಪುಟ್ಟ ಉಕ್ಕಿನ ನಾಲಗೆಯೊಂದಿರುತ್ತದೆ. ಅದರ ತುದಿಯು ಸವೆದಿತ್ತು. ಅಂಗಡಿಯವರು ಅದರ ಬದಲಿಗೆ ಅದೇ ವಿನ್ಯಾಸದ ಹೊಸ ರಿವಾಲ್ವರಿನ ನಾಲಗೆಯನ್ನು ಹಾಕಿದರು. ಜೊತೆಗೆ, ನಾವು ಕೇಳದೆಯೇ, ಕುದುರೆಯ ಹಳೆಯ ಕಮಾನನ್ನೂ ತೆಗೆದು ಇನ್ನಷ್ಟು ಬಿಗಿಯಾದ ಹೊಸ ಕಮಾನನ್ನು ಕೂಡಿಸಿದರು. ತುಂಡು ತನ್ನ ಸ್ಥಳದಲ್ಲಿ ಕುಳಿತಿತು, ಸಿಲಿಂಡರು ತಿರುಗಿತು, ಕುದುರೆ ಬಿದ್ದ ಸದ್ದು ಗಡುಸಾಗಿ ಕೇಳಿಸಿತು. ಆ ಸದ್ದಿಗೇ ನಾನು ತೃಪ್ತನಾದೆನು.

ಅಂಗಡಿಯ ಹಿಂಭಾಗದಲ್ಲಿ ಮರಳು ತುಂಬಿದ ಪೆಟ್ಟಿಗೆಯೊಳಕ್ಕೆ ಪರೀಕ್ಷೆಯ ಗುಂಡು ಹಾರಿಸಿದರು. ಮೊದಲನೆಯದು ಸರಿಯಾಗಿ ಹೋಯಿತು, ಎರಡನೆಯದೂ ಹೋಯಿತು, ಮೂರನೆಯದಕ್ಕೆ, ಬದಿಯಲ್ಲಿ ನಿಂತಿದ್ದ ಕೆಲಸದ ಹುಡುಗನು "ಅವ್ವಾ!" ಎಂದು ಕೆನ್ನೆಯನ್ನು ಹಿಡಿದುಕೊಂಡನು. ಕೈ ತೆಗೆದು ನೋಡಿದರೆ, ಕಣ್ಣಿನಿಂದ ಎರಡು ಬೆರಳುಗಳ ಕೆಳಗೆ ಸಾಸಿವೆಯ ಅರ್ಧದಷ್ಟು ಸೀಸದ ಚೂರು ಚರ್ಮದಲ್ಲಿ ನೆಟ್ಟಿತ್ತು. ಸಿಲಿಂಡರಿನ ಮನೆಯು ನಳಿಗೆಯ ಬಾಯಿಗೆ ನೇರವಾಗಿ ನಿಲ್ಲದಿದ್ದುದರಿಂದ, ಗುಂಡು ಒಳಹೋಗುವಾಗ ನಳಿಗೆಯ ಅಂಚಿಗೆ ಉಜ್ಜಿ, ಹೆರೆದ ಸೀಸವು ಪಕ್ಕದ ಸಂದಿನಿಂದ ಸಿಡಿದಿತ್ತು. ಗಾಯವು ನಾಲ್ಕು ದಿನಗಳಲ್ಲಿ ಮಾಯಿತು. ಆದರೆ ಎರಡು ಬೆರಳುಗಳಷ್ಟು ಮೇಲಕ್ಕೆ ಸಿಡಿದಿದ್ದರೆ ಒಂದು ಮನೆಯ ಮಗನ ಕಣ್ಣು ಹೋಗುತ್ತಿತ್ತೆಂಬುದನ್ನು ನೆನೆದಾಗಲೆಲ್ಲ ನನ್ನ ಆತುರಕ್ಕಾಗಿ ನಾನು ಇಂದಿಗೂ ಪರಿತಪಿಸುತ್ತೇನೆ. ಆ ವರ್ಷದ ಖಂಡೇನವಮಿಗೆ ರಿವಾಲ್ವರು ತಿಜೋರಿಯಿಂದ ಹೊರಗೆ ಬರಲಿಲ್ಲ.

ಆಮೇಲೆ ವಿಚಾರಿಸುತ್ತ ವಿಚಾರಿಸುತ್ತ, ಬೆಳಗಾವಿಯ ಲೈಸನ್ಸುಳ್ಳ ಅಂಗಡಿಯೊಂದರಲ್ಲಿ ಜೀವಮಾನವನ್ನೆಲ್ಲ ಈ ಕೆಲಸದಲ್ಲಿಯೇ ಸವೆಸಿದ ವೃದ್ಧರೊಬ್ಬರ ಬಳಿಗೆ ಹೋದೆನು. ಎಲ್ಲರೂ ಅವರನ್ನು ಉಸ್ತಾದರೆಂದೇ ಕರೆಯುತ್ತಿದ್ದರು. ನಾನು ವೃತ್ತಾಂತವನ್ನು ಹೇಳತೊಡಗಿದರೆ ಅವರು ಕೈಯೆತ್ತಿ ತಡೆದು, ಮೊದಲು ಆಯುಧವನ್ನು ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು, ಆರೂ ಮನೆಗಳಲ್ಲಿ ಒಂದೊಂದಾಗಿ ಕಿರುಬೆರಳನ್ನು ಇಳಿಸಿ ನೋಡಿದರು. ಬಳಿಕ ನನ್ನ ಕಡೆಗೆ ಚಾಚಿ, "ನೀವೂ ನೋಡ್ರಿ ಗೌಡ್ರ, ಖಾಲಿ ಐತಿ ಅಂತ ಒಬ್ಬ ಹೇಳಿದ್ರ ಅದು ಖಾಲಿ ಅಲ್ಲ," ಎಂದರು. ನಾನೂ ಆರೂ ಮನೆಗಳನ್ನು ಮುಟ್ಟಿ ನೋಡಿದ ಮೇಲೆಯೇ ಮಾತು ಮುಂದುವರಿಯಿತು.

ಒಳಗಿನ ಹೊಸ ನಾಲಗೆಯನ್ನೂ ತಂದೆಯವರ ಕಾಲದ ಸವೆದ ನಾಲಗೆಯನ್ನೂ ಬಿಳಿಯ ಕಾಗದದ ಮೇಲೆ ಅಕ್ಕಪಕ್ಕದಲ್ಲಿಟ್ಟು ಅವರು ಬಹಳ ಹೊತ್ತು ನೋಡಿದರು. "ಭಾಗ ಕೆಟ್ಟದ್ದಲ್ಲ. ಅದಕ್ಕ ಈ ಮನೀ ಗುರ್ತ ಇಲ್ಲ. ಅವಸರ ಇದ್ರ ಬ್ಯಾರೆ ಕಡೆ ಒಯ್ಯಿರಿ, ಇದು ನಾಕ ದಿನದ ಕೆಲಸ," ಎಂದರು. ನಾನು ಬೆಳಗಾವಿಯಲ್ಲಿಯೇ ಉಳಿದೆನು. ಅವರು ಎಣ್ಣೆಯ ದೀಪದ ಕಪ್ಪನ್ನು ಆ ನಾಲಗೆಗೆ ಹಿಡಿಸಿ, ಅದನ್ನು ಸ್ಥಳದಲ್ಲಿರಿಸಿ, ಕುದುರೆಯನ್ನು ಮೆಲ್ಲನೆ ಒಮ್ಮೆ ಎಳೆದು, ಹೊರತೆಗೆದು ಭೂತಗನ್ನಡಿಯ ಕೆಳಗೆ ಹಿಡಿಯುತ್ತಿದ್ದರು. ಕಪ್ಪಿನ ನಡುವೆ ಉಕ್ಕು ಹೊಳೆದ ಚುಕ್ಕೆಯೇ ಅತಿಯಾಗಿ ತಾಗುತ್ತಿದ್ದ ಸ್ಥಳ. ಅಲ್ಲಿಗೆ ನುಣುಪಾದ ಅರದಿಂದ ಒಂದೇ ಒಂದು ಉಜ್ಜು. ಮತ್ತೆ ಕಪ್ಪು, ಮತ್ತೆ ಜೋಡಣೆ, ಮತ್ತೆ ಅವಲೋಕನ. ಆರು ಮನೆಗಳಲ್ಲಿ ಐದು ನೇರವಾಗಿ ನಿಂತು ಆರನೆಯದೊಂದು ಹಿಂದುಳಿದರೆ ಅವರು ಮೊದಲಿನಿಂದ ಆರಂಭಿಸುತ್ತಿದ್ದರು. ಮೊದಲ ಸಂಜೆಗೆ ಮುಗಿದ ಕೆಲಸವೆಂದರೆ ಏಳು ಉಜ್ಜು, ನಾನೇ ಎಣಿಸಿದ್ದೆನು.

ಎರಡನೆಯ ದಿನ, ಸಿಲಿಂಡರಿನ ಹಿಂಬದಿಯ ಹಲ್ಲನ್ನೇ ತುಸು ತೀಡಿದರೆ ಕೆಲಸವು ಬೇಗನೆ ಮುಗಿಯಲಾರದೇ ಎಂದು ಕೇಳಿದೆನು. ಅವರು ಅರವನ್ನು ಕೆಳಗಿಟ್ಟು, "ನಿಮ್ಮ ದ್ರಾಕ್ಷಿ ತೋಟದಾಗ ಕಸಿ ಕಟ್ಟೂವಾಗ ಕೆತ್ತೂದು ಯಾವುದನ್ನ?" ಎಂದು ಮರುಪ್ರಶ್ನೆ ಮಾಡಿದರು. ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಟಿಕೋಟಾ ಬಾಬಲೇಶ್ವರದ ಸೀಮೆಯಲ್ಲಿ ಡಾಗ್‌ರಿಜ್ ಬೇರುಗಿಡದ ಮೇಲೆ ಥಾಮ್ಸನ್ ಕಡ್ಡಿಯನ್ನು ಕಸಿಮಾಡುವಾಗ, ನೆಲದಲ್ಲಿ ಬೇರೂರಿದ ಗಿಡಕ್ಕೆ ಒಂದು ಸೀಳು ಮಾತ್ರ. ಬೆಣೆಯಂತೆ ಎರಡೂ ಕಡೆಯಿಂದ ಕೆತ್ತಿ ಆಕಾರ ಕೊಡುವುದು ಹೊರಗಿನಿಂದ ತಂದ ಕಡ್ಡಿಗೆ. ಕಡ್ಡಿ ಕೆಟ್ಟರೆ ಮತ್ತೊಂದು ಕಡ್ಡಿಯುಂಟು, ಬೇರುಗಿಡವು ಕೆಟ್ಟರೆ ತೋಟದಲ್ಲಿ ಒಂದು ಗುಂಡಿಯೇ ಉಳಿಯುವುದು. ಹಳೆಯ ಆಯುಧದಲ್ಲಿಯೂ ನ್ಯಾಯವು ಅದೇ: ತಿದ್ದಬೇಕಾದುದು ಹೊಸ ತುಂಡನ್ನು, ಮೂಲದ ಅಂಗವನ್ನಲ್ಲ. ಮೂಲದ ಅಂಗಗಳ ಮೇಲೆ ಅನೇಕ ವೇಳೆ ಕಾಯಿಸಿ ಗಡುಸುಗೊಳಿಸಿದ ತೆಳುವಾದ ಪದರವಿರುತ್ತದೆ. ಅರವು ಆ ಪದರವನ್ನು ದಾಟಿತೆಂದರೆ ಒಳಗಿನ ಮೆತುವಾದ ಲೋಹವು ತೆರೆದುಕೊಂಡು ಬಲುಬೇಗ ಸವೆದುಹೋಗುತ್ತದೆ, ಹೋದದ್ದನ್ನು ಮರಳಿ ತರಲಾಗುವುದಿಲ್ಲ.

ಕಮಾನಿನ ವಿಷಯದಲ್ಲಿಯೂ ಅವರ ನಿರ್ಣಯವು ಸ್ಪಷ್ಟವಾಗಿತ್ತು. ಅಂಗಡಿಯವರು ಮರಳಿಸಿದ್ದ ಹಳೆಯ ಕಮಾನನ್ನು ಪರೀಕ್ಷಿಸಿ, ಅದರಲ್ಲಿ ಬಿರುಕಾಗಲಿ ಬಳಲಿಕೆಯಾಗಲಿ ಇಲ್ಲವೆಂದು ಕಂಡುಕೊಂಡು, ಅದನ್ನೇ ಮತ್ತೆ ಕೂಡಿಸಿದರು. ಬಿಗಿಯಾದ ಕಮಾನು ಕುದುರೆಯ ಸದ್ದನ್ನು ಹೆಚ್ಚಿಸುತ್ತದೆ, ಅದರೊಡನೆ ಸವೆದ ಪ್ರತಿಯೊಂದು ಅಂಗದ ಮೇಲಿನ ಹೊರೆಯನ್ನೂ ಹೆಚ್ಚಿಸುತ್ತದೆ. ಕೆಟ್ಟುದನ್ನು ಬದಲಾಯಿಸಬೇಕು, ಕೆಡದುದನ್ನು ಮುಟ್ಟಬಾರದು. ಮತ್ತು ತೆಗೆದ ತುಂಡನ್ನು ಎಂದಿಗೂ ಎಸೆಯಬಾರದು, ಏಕೆಂದರೆ ಹೊಸದಕ್ಕೆ ಅಳತೆಯನ್ನು ಹೇಳಿಕೊಡುವ ಸಾಕ್ಷಿಯೆಂದರೆ ಅದೊಂದೇ. ಆ ಸವೆದ ನಾಲಗೆಯನ್ನು ಕಳೆದುಕೊಂಡಿದ್ದರೆ ನಾಲ್ಕು ದಿನಗಳ ಕೆಲಸವು ಹತ್ತು ದಿನಗಳಾಗುತ್ತಿತ್ತೆಂದು ಅವರೇ ಹೇಳಿದರು. ಐದನೆಯ ಬೆಳಿಗ್ಗೆ ಮರಳಿನ ಪೆಟ್ಟಿಗೆಯ ಬದಿಗೆ ಒಂದು ಬಿಳಿಯ ಹಾಳೆಯನ್ನು ನಿಲ್ಲಿಸಿ, ಹತ್ತಿರದಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು, ಆರು ಗುಂಡುಗಳನ್ನು ಹಾರಿಸಿದರು. ಹಾಳೆಯ ಮೇಲೆ ಸೀಸದ ಒಂದು ಚೂರೂ ಬಿದ್ದಿರಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡ ಮೇಲೆಯೂ, ತಿರುಪುಳಿಯನ್ನು ಹಿಡಿದು ನಾನೇ ಆ ಕೆಲಸಕ್ಕೆ ಕೈಹಾಕಬೇಕೆಂಬ ಯೋಚನೆ ನನಗೆ ಬಂದಿಲ್ಲ, ಬರಲೂ ಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯು ಆಯುಧದ ತಯಾರಿಕೆ, ಮಾರಾಟಗಳಂತೆ ಅದರ ದುರಸ್ತಿ ಮತ್ತು ಪರೀಕ್ಷೆಗಳನ್ನೂ ವೃತ್ತಿಯಾಗಿ ನಡೆಸುವವನು ಅದಕ್ಕೆಂದೇ ಲೈಸನ್ಸು ಪಡೆದಿರಬೇಕೆಂದು ವಿಧಿಸಿದೆ. ಆಯುಧದ ಬಿಡಿಭಾಗಗಳು ಕೂಡ ಅದರ ದೃಷ್ಟಿಯಲ್ಲಿ ಆಯುಧಗಳೇ. ಮೊದಮೊದಲು ನನಗೆ ಇದು ಕಚೇರಿಯ ಕಟ್ಟಳೆಯಾಗಿ ಮಾತ್ರ ತೋರುತ್ತಿತ್ತು. ಆ ಹುಡುಗನ ಕೆನ್ನೆಯನ್ನು ಕಂಡ ಬಳಿಕ ಅದರ ಹಿಂದಿರುವ ವಿವೇಕವು ತಿಳಿಯಿತು: ಬಾವಿಯ ಪಂಪಿನ ದುರಸ್ತಿಯಲ್ಲಿ ತಪ್ಪಿದರೆ ನೀರು ನಿಲ್ಲುತ್ತದೆ, ಇಲ್ಲಿ ತಪ್ಪಿದರೆ ಪಕ್ಕದಲ್ಲಿ ನಿಂತ ನಿರಪರಾಧಿಯು ಅದರ ದಂಡವನ್ನು ತೆರುತ್ತಾನೆ. ಅಲ್ಲದೆ, ಲೈಸನ್ಸೊಂದೇ ಸಾಲದು, ಸಮಯವೂ ಬೇಕೆಂಬುದನ್ನು ನನ್ನ ಅನುಭವವೇ ಹೇಳುತ್ತದೆ. ಮೊದಲನೆಯ ಅಂಗಡಿಗೂ ಲೈಸನ್ಸಿತ್ತು, ಅವರಿಗೆ ಸಮಯವನ್ನು ಕೊಡದವನು ನಾನು.

ಆದುದರಿಂದ ಹಿರಿಯರ ಆಯುಧವನ್ನು ಕಾಪಾಡಿಕೊಂಡು ಬಂದಿರುವ ನನ್ನ ಸೀಮೆಯ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು: ಹೊಸ ಭಾಗವನ್ನು ಹುಡುಕುವ ಮೊದಲು ಅದನ್ನು ಹೊಂದಿಸಬಲ್ಲ ಕೈಯನ್ನು ಹುಡುಕಿರಿ, ಹಬ್ಬವನ್ನಾಗಲಿ ಪಂಚಾಂಗವನ್ನಾಗಲಿ ಆ ಕೈಯ ಮುಂದೆ ಹಿಡಿಯಬೇಡಿರಿ, ಕೆಲಸ ಮುಗಿದ ಮೇಲೂ ಆರು ಮನೆಗಳನ್ನು ಆರು ಸಲ ಪರೀಕ್ಷಿಸಿದುದನ್ನು ಕಣ್ಣಾರೆ ಕಂಡಲ್ಲದೆ ಆಯುಧವನ್ನು ಮನೆಗೆ ತರಬೇಡಿರಿ. ಲೈಸನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ವರ್ಷದಲ್ಲಿ ವಿಜಯಪುರದ ಕಚೇರಿಯ ಕೆಲಸ ಮುಗಿಸಿಕೊಂಡು ನಾನು ಬೆಳಗಾವಿಗೂ ಹೋಗಿ, ಉಸ್ತಾದರ ಬಳಿ ನಾಲ್ಕು ದಿನ ನಿಂತು ಬರುತ್ತೇನೆ.