ಬಚ್ಚಲಮನೆಯ ಗ್ಯಾಸ್, ಮೂರು ವಾರದ ಮೇಲೆ ಮರೆವು

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಚಳಿಯೆಂದು ಕಿಟಕಿ ಮುಚ್ಚಿ, ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ಗುಣವಾಗಿ ಅಂಗಡಿಗೂ ಹೋದರು. ಮೂರು ವಾರದ ಮೇಲೆ ಲೆಕ್ಕ ತಪ್ಪತೊಡಗಿತು. ಈಗ ಮಾತಿಲ್ಲ, ಕಾಲೆಳೆದು ನಡೆಯುತ್ತಾರೆ, ಮೂತ್ರ ಹೋದದ್ದೂ ತಿಳಿಯದು. ಯಾರೋ ಮಾಟ ಮಾಡಿಸಿದ್ದಾರೆ ಅನ್ನುತ್ತಾರೆ ಅತ್ತೆಯವರು. ಸ್ಕ್ಯಾನ್ ನೋಡಿದ ಡಾಕ್ಟರು ಮಿದುಳಿನ ಮಯಲಿನ್ ಹಾಳಾಗಿದೆ ಎಂದರು. ಅದು ಮತ್ತೆ ಬೆಳೆಯುತ್ತದೆಯೇ? ತುಪ್ಪ, ಬಾದಾಮಿ ಕೊಡಲೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಬೆಳೆಯುತ್ತದೆ ತಾಯಿ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದು ಮಾಟವಲ್ಲ, ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ಹುಟ್ಟುವ ವಿಷ, ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ.

ಮಯಲಿನ್ ಅಂದರೆ ನರತಂತುವಿಗೆ ಸುತ್ತಿಕೊಂಡ ಕೊಬ್ಬಿನ ಪೊರೆ. ಅದಿದ್ದರೆ ಸಂದೇಶ ಸರಾಗವಾಗಿ ಓಡುತ್ತದೆ. ಹೋದರೆ ತಡವರಿಸುತ್ತದೆ, ಎಷ್ಟೋ ಕಡೆ ನಿಂತೇಬಿಡುತ್ತದೆ. ಲೆಕ್ಕ, ನಡಿಗೆ, ಮೂತ್ರದ ಹಿಡಿತ ಒಟ್ಟಿಗೇ ಕೆಟ್ಟದ್ದು ಅದಕ್ಕೇ. ವಿಷ ರಕ್ತದಿಂದ ಹೋದ ಮೇಲೂ ಅದು ಎಬ್ಬಿಸಿದ ಉರಿಯೂತ ನಿಲ್ಲದೆ ಪೊರೆಯನ್ನು ಕೆಡಿಸುತ್ತಿರುತ್ತದೆ. ಆದ್ದರಿಂದ ನಡುವೆ ಕೆಲವು ದಿನ, ಕೆಲವರಿಗೆ ಐದಾರು ವಾರ, ಏನೂ ಆಗದವರಂತೆ ಇರುತ್ತಾರೆ. ಮನೆಗೆ ಕಳಿಸುವಾಗ ಈ ಮಾತನ್ನು ಚೀಟಿಯಲ್ಲಿ ಬರೆದುಕೊಡಬೇಕು. ನಾವು ವೈದ್ಯರು ಬಹಳ ಸಲ ಬರೆಯುವುದಿಲ್ಲ.

ಇನ್ನು ದುರಸ್ತಿ. ಮಿದುಳಿನಲ್ಲಿ ಇನ್ನೂ ಬಲಿಯದ ಮೂಲಕೋಶಗಳ ದಾಸ್ತಾನು ಮುಪ್ಪಿನವರೆಗೂ ಇರುತ್ತದೆ. ಬೇರೆ ಕೋಶಗಳು ಮೊದಲು ಹಾಳಾದ ಪೊರೆಯ ಚೂರುಗಳನ್ನು ತಿಂದು ಜಾಗ ತೆರವು ಮಾಡುತ್ತವೆ. ಆಮೇಲೆ ಈ ಮೂಲಕೋಶಗಳು ಅಲ್ಲಿಗೆ ಸರಿದು, ಬಲಿತು, ಬೆತ್ತಲಾದ ತಂತುವಿಗೆ ಹೊಸ ಪೊರೆ ಸುತ್ತುತ್ತವೆ. ಹೊಸದು ಹಳೆಯದಕ್ಕಿಂತ ತೆಳು, ಆದರೂ ಕೆಲಸ ಮಾಡುತ್ತದೆ. ಕ್ಯುಪ್ರಿಝೋನ್ ಎಂಬ ವಿಷ ಬೆರೆಸಿದ ಮೇವು ತಿಂದ ಇಲಿಗಳು ಐದಾರು ವಾರದಲ್ಲಿ ಮಯಲಿನ್ ಕಳೆದುಕೊಳ್ಳುತ್ತವೆ. ಮೇವು ಬದಲಿಸಿದರೆ ಕೆಲವೇ ವಾರದಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಮನುಷ್ಯರಲ್ಲಿ ಅಷ್ಟು ಬೇಗ ಆಗದು. ಪೊರೆಯೊಳಗಿನ ತಂತುವೇ ಸತ್ತಿದ್ದರೆ ಸುತ್ತುವುದಕ್ಕೆ ಏನೂ ಉಳಿಯದು. ಆದರೂ ಕೊರಿಯಾದಿಂದ 1983ರಲ್ಲಿ ಪ್ರಕಟವಾದ ವರದಿಯಲ್ಲಿ, ಇದೇ ತೊಂದರೆಯಾಗಿ ಮುಂದೆಯೂ ತಪಾಸಣೆಯಲ್ಲಿದ್ದ 36 ಮಂದಿಯಲ್ಲಿ 27 ಮಂದಿ ವರ್ಷದೊಳಗೆ ಚೇತರಿಸಿಕೊಂಡಿದ್ದರು.

ತುಪ್ಪ ಬಡಿಸಿ, ಬೇಡ ಅನ್ನುವುದಿಲ್ಲ. ಅದು ನೇರವಾಗಿ ಮಿದುಳಿಗೆ ಹೋಗಿ ಪೊರೆಯಾಗುವುದಿಲ್ಲ ಅಷ್ಟೆ. ಬದಲಿಗೆ ಬಿ12 ಪರೀಕ್ಷೆ ಮಾಡಿಸಿ. ಶುದ್ಧ ಸಸ್ಯಾಹಾರಿಗಳಲ್ಲಿ ಅದು ಕಡಿಮೆಯಿರುವುದು ಸಾಮಾನ್ಯ, ಅದರ ಕೊರತೆಯೂ ಮಯಲಿನ್ ಕೆಡಿಸುತ್ತದೆ. ಹುಬ್ಬಳ್ಳಿಯ ಕಿಮ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರಿಗೆ ತೋರಿಸಿ. ಫಿಜಿಯೋಥೆರಪಿ ದಿನವೂ ನಡೆಯಲಿ, ಬೈಕ್ ಕೀಲಿ ಕೊಡಬೇಡಿ.

ಪ್ರಶ್ನೆ: ನಮ್ಮದೂ ಗ್ಯಾಸ್ ಗೀಸರ್. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ ಸಾಕಲ್ಲವೇ?
– ಓದುಗರು, ಹಾವೇರಿ

ಉತ್ತರ: ಸಾಲದು. ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತ, ಈ ವಿಷ ಹೊತ್ತ ರಕ್ತ ಎರಡೂ ಒಂದೇ. ಎಚ್ಚರ ತಪ್ಪಿದವರಲ್ಲೂ 98 ತೋರಿಸೀತು. ಗೀಸರನ್ನು ಬಚ್ಚಲಮನೆಯ ಹೊರಗೆ ಗಾಳಿಯಾಡುವಲ್ಲಿ ಹಾಕಿಸಿ. ಅಲ್ಲಿಯವರೆಗೆ ಬಿಸಿನೀರು ಬಕೆಟ್ಟಿಗೆ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಒಳಗೆ ಹೋಗಿ.